ಬೋರ್‌ನಲ್ಲಿ ನೀರು ಚೆನ್ನಾಗಿ ಬಂದಿದೆ, ಒಂದು ಸಲ ಟೆಸ್ಟ್ ಮಾಡಿಸಿದರೆ ಸಾಕಾ?

ಹೊಸ_ನಲ್ಲಿ:

ಎಲ್ಲರಿಗೂ ನಮಸ್ಕಾರ. ಸುಮಾರು 600 ಜನ ಇರುವ ಊರಿನ ನೀರಿನ ಸಮಿತಿಯಲ್ಲಿ ನಾನಿದ್ದೇನೆ. ಎಂಜಿನಿಯರ್ ಅಲ್ಲ, ಸಮಿತಿಯ ಲೆಕ್ಕ ಬರೆಯುವ ಕೆಲಸ ನನ್ನದು. ಇಷ್ಟು ವರ್ಷ ಎಲ್ಲರಿಗೂ ಒಂದೇ ತೆರೆದ ಬಾವಿ. ಬೇಸಿಗೆ ಬಂತೆಂದರೆ ಅದು ದಿನಕ್ಕೆ ಐದಾರು ಸಾವಿರ ಲೀಟರ್‌ಗಿಂತ ಜಾಸ್ತಿ ಕೊಡುವುದಿಲ್ಲ. ಅದಕ್ಕೇ ಈ ಸಲ ಬೋರ್ ಕೊರೆಸಿದೆವು. ಮೊದಲನೆಯದು ಫೇಲ್ ಆಯಿತು, ಬರೀ ಧೂಳು. ಎರಡನೆಯದು 90 ಮೀಟರ್ ಆಳ, ಆರೂವರೆ ಇಂಚಿನ ಬೋರ್, 42 ಮೀಟರ್‌ನಲ್ಲಿ ಒಂದು ದೊಡ್ಡ ಬಿರುಕು ಸಿಕ್ಕಿ ಮೂರು ಇಂಚು ನೀರು ಬಂತು. ಅವತ್ತು ಎಲ್ಲರ ಮುಖ ನೋಡಬೇಕಿತ್ತು.

ಕೊರೆದ ದಿನವೇ ಕಂಪ್ರೆಸರ್ ಹೊಡೆಯುವಾಗ ಮೇಲೆ ಬಂದ ನೀರನ್ನು ಬಾಟಲಿಗೆ ಹಿಡಿದು ಲ್ಯಾಬ್‌ಗೆ ಕೊಟ್ಟಿದ್ದೆವು. ರಿಪೋರ್ಟ್ ಬಂದಿದೆ: ಪಿ.ಎಚ್. 7.4, ಟಿ.ಡಿ.ಎಸ್. (ಕರಗಿದ ಒಟ್ಟು ಉಪ್ಪಿನಂಶ) 620, ಗಡಸುತನ 310, ಫ್ಲೋರೈಡ್ 1.3, ನೈಟ್ರೇಟ್ 38 (ಪಿ.ಎಚ್. ಬಿಟ್ಟು ಉಳಿದವು ಲೀಟರಿಗೆ ಮಿಲಿಗ್ರಾಂ ಲೆಕ್ಕ), ಕೋಲಿಫಾರ್ಮ್ (ಕೊಳಕು ಸೇರಿದ್ದನ್ನು ತೋರಿಸುವ ಬ್ಯಾಕ್ಟೀರಿಯಾ) ಇಲ್ಲ. ಎಲ್ಲವೂ ಮಿತಿಯೊಳಗೆ ಇದೆ ಅಂತ ಬರೆದಿದ್ದಾರೆ. ಈಗ ಊರಿನವರು "ಇನ್ನೇನು, ಮೋಟಾರ್ ಇಳಿಸಿ ಪೈಪ್ ಹಾಕಿ" ಎನ್ನುತ್ತಿದ್ದಾರೆ. ಹಳೇ ಬಾವಿ ಮುಚ್ಚಿಬಿಡೋಣ ಎನ್ನುವವರೂ ಇದ್ದಾರೆ. ಇನ್ನೂ 50 ಮೀಟರ್ ಆಳ ಮಾಡಿಸಿದರೆ ಇನ್ನೂ ನೀರು ಬರುತ್ತದೆ ಅಂತ ಮತ್ತೊಬ್ಬರು.

ನನಗೆ ಭಯ ಇರುವುದು ಬೇರೆ ಕಡೆ. ಒಂದೇ ಒಂದು ರಿಪೋರ್ಟ್ ನಂಬಿ 600 ಜನಕ್ಕೆ ವರ್ಷಗಟ್ಟಲೆ ಕುಡಿಯುವ ನೀರು ಕೊಡಬಹುದಾ? ಮುಂದೆ ಏನೇನು ನೋಡಿಕೊಳ್ಳಬೇಕು, ಎಷ್ಟು ದಿನಕ್ಕೊಮ್ಮೆ ನೋಡಬೇಕು? ಈ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ದಾಹ_ಶಮನ:

ಇಷ್ಟು ತಲೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲ ಅನಿಸುತ್ತದೆ. ಪೆನ್ನಿನ ಹಾಗೆ ಇರುವ ಟಿ.ಡಿ.ಎಸ್. ಮೀಟರ್ ಒಂದು ತಂದಿಟ್ಟುಕೊಳ್ಳಿ, ವಾರಕ್ಕೊಮ್ಮೆ ಅದ್ದಿ ನೋಡಿ. ಅಂಕಿ ಬದಲಾಗದಿದ್ದರೆ ನೀರೂ ಬದಲಾಗಿಲ್ಲ ಅಂತ ಅರ್ಥ. ಅನುಮಾನ ಇದ್ದವರು ಕಾಯಿಸಿ ಕುಡಿಯಲಿ. ನಾವು ಹಾಗೇ ಮಾಡಿಕೊಂಡು ಬಂದಿದ್ದೇವೆ.

ಬಂಡೆ_ಬಿರುಕು:

ನೀರಿನ ಗುಣದ ವಿಷಯ ಬಲ್ಲವರು ಹೇಳಲಿ, ನಾನು ಪ್ರಮಾಣದ ಬಗ್ಗೆ ಹೇಳುತ್ತೇನೆ. ಬೋರ್ ಪರೀಕ್ಷೆ ಮಾಡುವುದೇ ನನ್ನ ಕೆಲಸ.

ಮೊದಲು ಈ "ಇಂಚು" ಲೆಕ್ಕ ಬಿಟ್ಟುಬಿಡಿ. ತಗಡಿನ ವಿ ಆಕಾರದ ಕಚ್ಚಿನಲ್ಲಿ ನೀರು ಎಷ್ಟು ಎತ್ತರಕ್ಕೆ ಹರಿಯಿತು ಅನ್ನುವುದೇ ಆ ಇಂಚು. ಕಚ್ಚು 90 ಡಿಗ್ರಿ ಇದ್ದರೆ 2 ಇಂಚು ಅಂದರೆ ಸೆಕೆಂಡಿಗೆ ಸುಮಾರು 0.8 ಲೀಟರ್, 3 ಇಂಚು ಅಂದರೆ ಸುಮಾರು 2.2 ಲೀಟರ್. ನೋಡಿ, ಒಂದು ಇಂಚು ಜಾಸ್ತಿ ಆಗಿದ್ದಕ್ಕೆ ನೀರು ಎರಡೂವರೆ ಪಟ್ಟಿಗಿಂತ ಜಾಸ್ತಿ ಆಯಿತು. ಅಳತೆಯಲ್ಲಿ ಅರ್ಧ ಇಂಚು ತಪ್ಪಿದರೆ ಲೆಕ್ಕವೆಲ್ಲ ಅಡಿಮೇಲು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಕಂಪ್ರೆಸರ್ ಹೊಡೆದಾಗ ಬರುವುದು ಬಿರುಕುಗಳಲ್ಲಿ ಇಷ್ಟು ದಿನ ಕೂತಿದ್ದ ನೀರು. ಅದು ಒಂದೆರಡು ಗಂಟೆಯ ಮಾತು. ದಿನಾ ಎಷ್ಟು ಎಳೆಯಬಹುದು ಅನ್ನುವುದನ್ನು ಅದು ಹೇಳುವುದಿಲ್ಲ.

ನಿಮಗೆ ಬೇಕಾಗಿರುವುದು ಎಷ್ಟು? ಒಬ್ಬರಿಗೆ ದಿನಕ್ಕೆ 50 ಲೀಟರ್ ಅಂದರೂ 600 ಜನಕ್ಕೆ 30,000 ಲೀಟರ್. ಪೈಪ್‌ನಲ್ಲಿ ಸೋರಿಕೆ ಎಲ್ಲಾ ಸೇರಿ 36,000 ಅಂತ ಇಟ್ಟುಕೊಳ್ಳಿ. ಎಂಟು ಗಂಟೆ ಪಂಪ್ ಮಾಡಿದರೆ ಗಂಟೆಗೆ 4,500, ಅಂದರೆ ಸೆಕೆಂಡಿಗೆ 1.25 ಲೀಟರ್. ನಿಮ್ಮ ಬೋರ್ ಇಷ್ಟನ್ನು ದಿನಾ, ಬೇಸಿಗೆಯ ಕೊನೆಯಲ್ಲೂ ಕೊಡುತ್ತದಾ ಅನ್ನುವುದೇ ಪ್ರಶ್ನೆ. ಉತ್ತರ ಸಿಗುವುದು ಪಂಪಿಂಗ್ ಟೆಸ್ಟ್‌ನಲ್ಲಿ ಮಾತ್ರ.

ಮಾಡುವುದು ಹೀಗೆ. ಬಾಡಿಗೆಗೆ ಒಂದು ಪಂಪ್ ಇಳಿಸಿ, ಮೊದಲು ಕಡಿಮೆ ವೇಗದಲ್ಲಿ ಒಂದೂವರೆ ಗಂಟೆ, ಆಮೇಲೆ ಸ್ವಲ್ಪ ಜಾಸ್ತಿ, ಮತ್ತೆ ಜಾಸ್ತಿ, ಹೀಗೆ ನಾಲ್ಕು ಹಂತ ಓಡಿಸಿ. ಪ್ರತಿ ಹಂತದಲ್ಲೂ ನೀರಿನ ಮಟ್ಟ ಎಷ್ಟು ಕೆಳಗಿಳಿಯಿತು ಅಂತ ಬರೆದುಕೊಳ್ಳಿ. ನಂತರ ಬೋರ್‌ಗೆ ಪೂರ್ತಿ ಒಂದು ದಿನ ವಿಶ್ರಾಂತಿ ಕೊಟ್ಟು, ನಿಮಗೆ ಬೇಕಾದ ವೇಗದಲ್ಲೇ ಎಡೆಬಿಡದೆ ಓಡಿಸಿ. 24 ಗಂಟೆ ಕನಿಷ್ಠ, 48 ಅಥವಾ 72 ಆದರೆ ಒಳ್ಳೆಯದು. ಎತ್ತಿದ ನೀರನ್ನು ದೂರಕ್ಕೆ ಹರಿಸಿ. ಬೋರ್ ಪಕ್ಕದಲ್ಲೇ ಬಿಟ್ಟರೆ ಅದೇ ಮತ್ತೆ ಒಳಗೆ ಇಂಗಿ ಸುಳ್ಳು ಲೆಕ್ಕ ತೋರಿಸಬಹುದು. ಕೊನೆಗೆ ಪಂಪ್ ನಿಲ್ಲಿಸಿ, ಮಟ್ಟ ಮೇಲೇರುವುದನ್ನೂ ಅಳೆಯಿರಿ. ತುಂಬಾ ಜನ ಇದನ್ನು ಬಿಟ್ಟುಬಿಡುತ್ತಾರೆ. ನನಗೆ ಮಾತ್ರ ಬೋರ್‌ನ ನಿಜವಾದ ಶಕ್ತಿ ಗೊತ್ತಾಗುವುದೇ ಇಲ್ಲಿ. ಎಷ್ಟು ಹೊತ್ತು ಎಳೆದಿದ್ದೀರೋ ಅಷ್ಟೇ ಹೊತ್ತಿನ ವಿಶ್ರಾಂತಿ ಕೊಟ್ಟರೂ ಮಟ್ಟ ಮೊದಲಿನ ಹತ್ತಿರಕ್ಕೆ ಬರದಿದ್ದರೆ, ಒಳಗೆ ಬರುತ್ತಿರುವುದಕ್ಕಿಂತ ಜಾಸ್ತಿ ನೀವು ತೆಗೆಯುತ್ತಿದ್ದೀರಿ.

ನಿಮ್ಮ ಬೋರ್‌ಗೆ ಇನ್ನೊಂದು ಎಚ್ಚರಿಕೆ. ದೊಡ್ಡ ಬಿರುಕು 42 ಮೀಟರ್‌ನಲ್ಲಿ ಇದೆ ಅಂದಿರಿ. ನೀರಿನ ಮಟ್ಟ ಯಾವತ್ತೂ ಅದರ ಕೆಳಗೆ ಹೋಗಬಾರದು. ಹೋದರೆ ಬಿರುಕಿನೊಳಗೆ ಗಾಳಿ ಸೇರುತ್ತದೆ, ಕಬ್ಬಿಣದ ಅಂಶ ಗಸಿಯಾಗಿ ಕಟ್ಟಿಕೊಳ್ಳುತ್ತದೆ, ಇಳುವರಿ ನಿಧಾನವಾಗಿ ಸಾಯುತ್ತದೆ. ನಾನು ನೋಡಿದ ಒಂದು ಬೋರ್ ಮೊದಲ ದಿನ ನಿಮ್ಮದಕ್ಕಿಂತ ಚೆನ್ನಾಗಿತ್ತು. ಟೆಸ್ಟ್ ಮಾಡದೆ ದೊಡ್ಡ ಮೋಟಾರ್ ಇಳಿಸಿದರು. ಏಳೇ ತಿಂಗಳಲ್ಲಿ ಅದು ಹತ್ತು ನಿಮಿಷ ನೀರು, ಹತ್ತು ನಿಮಿಷ ಗಾಳಿ ಅನ್ನುವ ಸ್ಥಿತಿಗೆ ಬಂತು. ಆ ಬೋರ್ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ಸಣ್ಣ ಮೋಟಾರ್ ಹಾಕಿದ್ದರೆ ಅದು ಇವತ್ತಿಗೂ ಓಡುತ್ತಿತ್ತು.

ಇನ್ನೂ ಆಳ ಮಾಡುವ ಮಾತು ಸದ್ಯಕ್ಕೆ ಬೇಡ. ಗಟ್ಟಿ ಬಂಡೆಯಲ್ಲಿ ಆಳ ಹೋದಷ್ಟೂ ಬಿರುಕುಗಳು ಕಡಿಮೆಯಾಗುವುದೇ ಸಾಮಾನ್ಯ. ಸಿಕ್ಕರೂ ಅದು ಬಹಳ ಕಾಲದಿಂದ ಕಲ್ಲಿನ ಜೊತೆ ಕೂತ ನೀರು. ಅದರಲ್ಲಿ ಕರಗಿದ ಖನಿಜಗಳೂ ಜಾಸ್ತಿ ಇರಬಹುದು.

ಬಾಟಲಿ_ಲೇಬಲ್:

ನಾನು ನೀರು ಪರೀಕ್ಷೆಯ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಮೊದಲು ದಾಹ_ಶಮನ ಅವರಿಗೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಟಿ.ಡಿ.ಎಸ್. ಮೀಟರ್ ನೀರಿನಲ್ಲಿ ಒಟ್ಟು ಎಷ್ಟು ಉಪ್ಪಿನಂಶ ಕರಗಿದೆ ಅಂತ ಅಂದಾಜು ಹೇಳುತ್ತದೆ, ಯಾವುದು ಕರಗಿದೆ ಅಂತ ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಆರ್ಸೆನಿಕ್‌ಗೆ ಇಟ್ಟಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ನಿಮ್ಮ ಮೀಟರ್ ಅಂಕಿ ಬದಲಾಯಿಸಬೇಕಾದರೆ ಕನಿಷ್ಠ 1 ಮಿಲಿಗ್ರಾಂ ವ್ಯತ್ಯಾಸ ಆಗಬೇಕು. ಅಂದರೆ ಮಿತಿಯ ನೂರು ಪಟ್ಟು. ಬ್ಯಾಕ್ಟೀರಿಯಾ ಅಂತೂ ಅದಕ್ಕೆ ಕಾಣಿಸುವುದೇ ಇಲ್ಲ. ಚರಂಡಿ ಸೇರಿದ ನೀರೂ 300 ತೋರಿಸಬಹುದು. ಇನ್ನು ಕಾಯಿಸುವುದು. ಅದರಿಂದ ರೋಗಾಣು ಸಾಯುತ್ತದೆ, ಅದು ನಿಜ. ಆದರೆ ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಆವಿಯಾಗಿ ಹೋಗುವುದಿಲ್ಲ. ನೀರು ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅವು ಇನ್ನೂ ಗಟ್ಟಿಯಾಗುತ್ತವೆ. ಹೌದು, ದಿನಾ ಮೀಟರ್ ಅದ್ದಿ ಬರೆದಿಡುವುದು ಒಳ್ಳೆಯ ಅಭ್ಯಾಸವೇ. ಅಂಕಿ ಇದ್ದಕ್ಕಿದ್ದಂತೆ ಜಿಗಿದರೆ ಏನೋ ಆಗಿದೆ ಅಂತ ಗೊತ್ತಾಗುತ್ತದೆ. ಅಂಕಿ ಹಾಗೇ ಇದೆ ಅಂತ ನೀರು ಸುರಕ್ಷಿತ ಅಂದುಕೊಳ್ಳುವುದು ಮಾತ್ರ ತಪ್ಪು.

ಈಗ ಹೊಸ_ನಲ್ಲಿ ಅವರ ರಿಪೋರ್ಟ್. ಅದರಲ್ಲಿ ಬರೆದಿರುವುದಕ್ಕಿಂತ ಬರೆಯದೇ ಇರುವುದು ನನ್ನ ಕಣ್ಣಿಗೆ ಬಿತ್ತು. ಆರ್ಸೆನಿಕ್ ಇಲ್ಲ, ಕಬ್ಬಿಣ ಇಲ್ಲ, ಮ್ಯಾಂಗನೀಸ್ ಇಲ್ಲ, ಯುರೇನಿಯಂ ಇಲ್ಲ. ಗ್ರಾನೈಟ್‌ನಂಥ ಬಂಡೆಯಲ್ಲಿ ಯುರೇನಿಯಂ ಒಮ್ಮೆಯಾದರೂ ನೋಡಿಸಲೇಬೇಕು. ಮಿತಿಯೊಳಗೆ ಇದೆ ಅಂದರೆ ಹುಡುಕಿದ್ದು ಮಿತಿಯೊಳಗೆ ಇದೆ ಅಂತ ಅಷ್ಟೇ. ಹುಡುಕದೇ ಇದ್ದದ್ದರ ಬಗ್ಗೆ ಆ ಕಾಗದ ಏನೂ ಹೇಳುತ್ತಿಲ್ಲ.

ಇದಕ್ಕೆ ಬಾಂಗ್ಲಾದೇಶಕ್ಕಿಂತ ದೊಡ್ಡ ಪಾಠ ಬೇರೆ ಇಲ್ಲ. ಕೆರೆ, ಹೊಂಡದ ನೀರು ಕುಡಿದು ಮಕ್ಕಳು ವಾಂತಿಭೇದಿಯಿಂದ ಸಾಯುತ್ತಿದ್ದಾರೆ ಅಂತ 1970ರ ದಶಕದಿಂದ ಅಲ್ಲಿ ಲಕ್ಷಗಟ್ಟಲೆ ಕೊಳವೆಬಾವಿ ಹಾಕಿಸಿದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಕೆಲಸ. ನೀರು ತಿಳಿಯಾಗಿತ್ತು, ರುಚಿಯೂ ಚೆನ್ನಾಗಿತ್ತು. ಆದರೆ ಆರ್ಸೆನಿಕ್ ಇದೆಯಾ ಅಂತ ಯಾರೂ ನೋಡಿರಲಿಲ್ಲ. ಅಲ್ಲಿನ ಬಾವಿಗಳಲ್ಲಿ ಅದು ಪತ್ತೆಯಾಗಿದ್ದು 1993ರಲ್ಲಿ. 1998–99ರಲ್ಲಿ ದೇಶದ ಉದ್ದಗಲಕ್ಕೂ 3,534 ಬಾವಿ ಪರೀಕ್ಷಿಸಿದಾಗ, 150 ಮೀಟರ್‌ಗಿಂತ ಕಡಿಮೆ ಆಳದ ಬಾವಿಗಳಲ್ಲಿ ಶೇ. 27ರಷ್ಟು ಲೀಟರಿಗೆ 0.05 ಮಿಲಿಗ್ರಾಂ ದಾಟಿದ್ದವು. ಆಮೇಲೆ ಒಂದೊಂದೇ ಬಾವಿ ಪರೀಕ್ಷಿಸಿ, ಕೆಟ್ಟದ್ದಕ್ಕೆ ಕೆಂಪು, ಒಳ್ಳೆಯದಕ್ಕೆ ಹಸಿರು ಬಣ್ಣ ಬಳಿದರು. ಎಷ್ಟೋ ಕಡೆ ಒಂದು ಮನೆಯ ಬಾವಿ ಹಸಿರು, ಪಕ್ಕದ ಮನೆಯದು ಕೆಂಪು. ಪಕ್ಕದ ಬೋರ್ ಚೆನ್ನಾಗಿದೆ ಅಂತ ನಮ್ಮದೂ ಚೆನ್ನಾಗಿರುತ್ತದೆ ಅಂತ ಹೇಳಲು ಬರುವುದಿಲ್ಲ ಅನ್ನುವುದಕ್ಕೆ ಇಷ್ಟು ಸಾಕಲ್ವಾ?

ಇನ್ನು ನೀವು ಸ್ಯಾಂಪಲ್ ಹಿಡಿದ ರೀತಿ. ಕಂಪ್ರೆಸರ್ ಹೊಡೆಯುವಾಗ ಹಿಡಿದ ನೀರಿಗೆ ಗಾಳಿ ಬೆರೆತಿರುತ್ತದೆ, ಕಲ್ಲುಪುಡಿ ಸೇರಿರುತ್ತದೆ. ಪಿ.ಎಚ್., ಕಬ್ಬಿಣ ಎರಡೂ ಬದಲಾಗುತ್ತವೆ. ಆ ರಿಪೋರ್ಟನ್ನು ಮೊದಲ ಅಂದಾಜು ಅಂತ ಇಟ್ಟುಕೊಳ್ಳಿ, ಅಷ್ಟೇ. ಬಂಡೆ_ಬಿರುಕು ಹೇಳಿದ ದೊಡ್ಡ ಟೆಸ್ಟ್ ಮಾಡುವಾಗಲೇ ಹೊಸ ಸ್ಯಾಂಪಲ್ ತೆಗೆಯಿರಿ, ಅದೂ ಒಂದಲ್ಲ, ಮೂರು. ಶುರುವಾದ ಒಂದು ಗಂಟೆಗೆ ಒಂದು, ನಡುವೆ ಒಂದು, ನಿಲ್ಲಿಸುವ ಮುಂಚೆ ಒಂದು. ಬೋರ್‌ನಲ್ಲಿ ನಿಂತ ನೀರು ಮೊದಲು ಹೊರಗೆ ಹೋಗಬೇಕು. ನಿಮ್ಮ ಬೋರ್‌ನಲ್ಲಿ ನೀರು 14 ಮೀಟರ್‌ನಿಂದ ಕೆಳಕ್ಕೆ ಇದೆ ಅಂತ ಇಟ್ಟುಕೊಂಡರೆ ಒಳಗೆ ಸುಮಾರು 1,600 ಲೀಟರ್ ನಿಂತಿರುತ್ತದೆ. ಅದರ ಮೂರು ಪಟ್ಟು ಹೊರಗೆ ಹಾಕಲು ಸೆಕೆಂಡಿಗೆ 1.25 ಲೀಟರ್ ವೇಗದಲ್ಲಿ ಒಂದು ಗಂಟೆ ಬೇಕು.

ಬ್ಯಾಕ್ಟೀರಿಯಾ ಪರೀಕ್ಷೆಯ ಬಾಟಲಿ ಲ್ಯಾಬ್‌ನವರೇ ಕೊಟ್ಟ ಸ್ಟೆರೈಲ್ ಬಾಟಲಿ ಆಗಿರಬೇಕು. ಮುಚ್ಚಳದ ಒಳಭಾಗ ಮುಟ್ಟಬೇಡಿ, ತೊಳೆಯಬೇಡಿ, ಐಸ್ ಪೆಟ್ಟಿಗೆಯಲ್ಲಿಟ್ಟು ಆರು ಗಂಟೆಯೊಳಗೆ ತಲುಪಿಸಲು ನೋಡಿ, 24 ಗಂಟೆ ದಾಟಿದರೆ ಪ್ರಯೋಜನ ಇಲ್ಲ. ಲೋಹಗಳ ಪರೀಕ್ಷೆಗೆ ಬೇರೆ ಬಾಟಲಿ, ಅದಕ್ಕೆ ಆಸಿಡ್ ಹಾಕಿ ಕೊಟ್ಟಿರುತ್ತಾರೆ. ಹಾಗೆ ಹಾಕದಿದ್ದರೆ ಲೋಹ ಬಾಟಲಿಯ ಗೋಡೆಗೆ ಅಂಟಿಕೊಂಡು ಲೆಕ್ಕಕ್ಕೆ ಸಿಗುವುದಿಲ್ಲ. ನಮ್ಮ ಬೆಂಚಿಗೆ ಬರುವ ಬಾಟಲಿಗಳಲ್ಲಿ ಎಷ್ಟೋ ಸಲ ದಿನಾಂಕವೇ ಇರುವುದಿಲ್ಲ. ಜನ ಅಷ್ಟು ದೂರದಿಂದ ತಂದಿರುತ್ತಾರೆ, ಅದನ್ನು ವಾಪಸ್ ಕಳಿಸುವಾಗ ನನಗೆ ನಿಜವಾಗಿಯೂ ಸಂಕಟ ಆಗುತ್ತದೆ. ಎಲ್ಲಿಂದ ಹಿಡಿದದ್ದು, ಯಾವತ್ತು, ಎಷ್ಟು ಗಂಟೆಗೆ, ಯಾರು ಹಿಡಿದರು, ಇಷ್ಟನ್ನು ಅಳಿಸಿ ಹೋಗದ ಪೆನ್ನಿನಲ್ಲಿ ಬರೆಯಿರಿ.

ಕೊನೆಯದು ಫ್ಲೋರೈಡ್. 1.3 ಅಂದರೆ ಮಿತಿ 1.5ರ ಒಳಗೆ ಇದೆ, ಸರಿ. ಆದರೆ ಆ ಮಿತಿ ಇಡುವಾಗಲೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ, ಆಯಾ ಜಾಗದ ಜನ ಎಷ್ಟು ನೀರು ಕುಡಿಯುತ್ತಾರೆ ಅಂತ ನೋಡಿ ಮಿತಿ ತೀರ್ಮಾನಿಸಿ ಅಂತ. ಬಿಸಿಲಲ್ಲಿ ದುಡಿಯುವವರು ದಿನಕ್ಕೆ ನಾಲ್ಕೈದು ಲೀಟರ್ ಕುಡಿಯುತ್ತಾರೆ. ಇಲ್ಲಿ ಮಿತಿಯ ಅಂಚಿನಲ್ಲಿ ಇರುವುದು ನೆಮ್ಮದಿಯ ವಿಷಯ ಅಲ್ಲ. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೊದಲು, ವರ್ಷಗಳು ಕಳೆದ ಮೇಲೆ ಮೂಳೆ. ಅದಕ್ಕೇ ಹೇಳುತ್ತಿದ್ದೇನೆ, ಹಳೇ ಬಾವಿ ಮುಚ್ಚಬೇಡಿ. ಅದರ ನೀರಿನ ಫ್ಲೋರೈಡ್ ಎಷ್ಟಿದೆ ಅಂತ ಈ ಸಲವೇ ನೋಡಿಸಿ.

ಮಳೆ_ನಂತರ:

ಮೇಲಿನ ಇಬ್ಬರೂ ಚೆನ್ನಾಗಿ ಹೇಳಿದ್ದಾರೆ. ಅವರು ಮುಟ್ಟದೇ ಇರುವ ಒಂದು ವಿಷಯ ಇದೆ. ನಿಮ್ಮ ಫೇಲ್ ಆದ ಬೋರ್ ಈಗ ಹೇಗಿದೆ? ಬಾಯಿ ತೆರೆದೇ ಇದ್ದರೆ ಇವತ್ತೇ ಮುಚ್ಚಿಸಿ. ಮಗು ಬೀಳಬಹುದು ಅನ್ನುವುದು ಮೊದಲ ಕಾರಣ, ಅದಕ್ಕಿಂತ ದೊಡ್ಡದು ಬೇರೆ ಇಲ್ಲ. ಎರಡನೆಯದು, ಮಳೆ ನೀರು, ಗೊಬ್ಬರದ ನೀರು ಎಲ್ಲಾ ಆ ತೂತಿನಿಂದ ಮಣ್ಣಿನಲ್ಲಿ ಸೋಸದೆ ನೇರವಾಗಿ ಕೆಳಗೆ ಇಳಿಯುತ್ತದೆ. ಅಲ್ಲಿಂದ ಯಾವುದಾದರೂ ಬಿರುಕು ನಿಮ್ಮ ಒಳ್ಳೆಯ ಬೋರ್‌ಗೆ ಸೇರಿದ್ದರೆ ಮುಗಿಯಿತು. ಸುಮ್ನೆ ಕಲ್ಲು ಮುಚ್ಚಿ ಬಿಡುವುದಲ್ಲ, ಜೇಡಿಮಣ್ಣು ತುಂಬಿ ಮೇಲಿನ ಭಾಗಕ್ಕೆ ಕಾಂಕ್ರೀಟ್ ಹಾಕಬೇಕು.

ಒಳ್ಳೆಯ ಬೋರ್‌ನ ಕೇಸಿಂಗ್ (ತೂತು ಕುಸಿಯದಂತೆ ಮೇಲಿನ ಭಾಗಕ್ಕೆ ಇಳಿಸುವ ಪೈಪ್) ಸುತ್ತ ಕೊರೆದ ತೂತಿಗೂ ಪೈಪಿಗೂ ನಡುವೆ ಜಾಗ ಇರುತ್ತದೆ. ಬಹಳ ಕಡೆ ಅದನ್ನು ಹಾಗೇ ಬಿಟ್ಟಿರುತ್ತಾರೆ, ಇಲ್ಲವೇ ಕಲ್ಲುಪುಡಿ ತಳ್ಳಿರುತ್ತಾರೆ. ಅಲ್ಲಿ ಸಿಮೆಂಟ್ ಹಾಲು ಇಳಿಸಿ ಸೀಲ್ ಮಾಡಿಸಿ, ಕನಿಷ್ಠ ಮೇಲಿನ ಮೂರು ಮೀಟರ್, ಆರು ಆದರೆ ಇನ್ನೂ ಒಳ್ಳೆಯದು. ಕೇಸಿಂಗ್ ನೆಲದಿಂದ ಒಂದೆರಡು ಅಡಿ ಮೇಲೆ ಇರಲಿ. ಸುತ್ತ ಹೊರಕ್ಕೆ ಇಳಿಜಾರಾದ ಕಾಂಕ್ರೀಟ್ ಕಟ್ಟೆ ಇರಲಿ. ಶೌಚಗುಂಡಿ, ತಿಪ್ಪೆ 30 ಮೀಟರ್‌ಗಿಂತ ಹತ್ತಿರ ಇರಬಾರದು, ಬಿರುಕು ಬಂಡೆ ಆದರೆ ಆ ದೂರವೂ ಸಾಲದು. ನಿಮ್ಮ ನೈಟ್ರೇಟ್ 38 ಇದೆ, ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 50. ಮೂರು ಇಂಚು ನೀರು ಕೊಡುವ ಹೊಸ ಬೋರ್‌ನಲ್ಲಿ 38 ಯಾಕೆ ಬಂತು ಅಂತ ಯೋಚಿಸಿ. ಮೇಲಿನ ನೆಲದಿಂದ ಏನೋ ಕೆಳಗೆ ಇಳಿಯುತ್ತಿದೆ. ಬಾಟಲಿ ಹಾಲು ಕುಡಿಯುವ ಹಸುಗೂಸುಗಳಿಗೆ ಜಾಸ್ತಿ ನೈಟ್ರೇಟ್ ಇರುವ ನೀರು ಬಹಳ ಅಪಾಯ, ರಕ್ತ ಆಮ್ಲಜನಕ ಸಾಗಿಸಲಾಗದೆ ಮೈ ನೀಲಿಗಟ್ಟುತ್ತದೆ.

ಮಳೆ ಬಂದ ಮೇಲೆ ಏನಾಗಬಹುದು ಅನ್ನುವುದಕ್ಕೆ ಕೆನಡಾದ ಒಂಟಾರಿಯೊದಲ್ಲಿ ವಾಕರ್‌ಟನ್ ಅನ್ನುವ ಸಣ್ಣ ಪಟ್ಟಣದ ಕಥೆ ಇದೆ. ಸುಮಾರು 5,000 ಜನ ಇರುವ ಜಾಗ. 2000ದ ಮೇ ತಿಂಗಳಲ್ಲಿ ಜೋರು ಮಳೆಯಾಗಿ ಹತ್ತಿರದ ಜಮೀನಿನ ದನದ ಗೊಬ್ಬರದ ಅಂಶ ಒಂದು ಬಾವಿಗೆ ಸೇರಿತು. ಆ ಬಾವಿಯ ಕೇಸಿಂಗ್ ಬರೀ ಐದು ಮೀಟರ್, ಕೆಳಗೆ ಬಿರುಕು ಬಂಡೆ. 2,300ಕ್ಕೂ ಜಾಸ್ತಿ ಜನ ಕಾಯಿಲೆ ಬಿದ್ದರು, 7 ಜನ ತೀರಿಕೊಂಡರು. ಆ ನೀರಿಗೆ ಕ್ಲೋರಿನ್ ಹಾಕುವ ವ್ಯವಸ್ಥೆ ಇತ್ತು! ದಿನಾ ನೀರಿನಲ್ಲಿ ಎಷ್ಟು ಕ್ಲೋರಿನ್ ಉಳಿದಿದೆ ಅಂತ ಅಳೆಯಬೇಕಾಗಿತ್ತು. ಅಳೆಯದೆ ಪುಸ್ತಕದಲ್ಲಿ ಅಂಕಿ ತುಂಬುತ್ತಿದ್ದರು ಅಂತ ವಿಚಾರಣೆಯಲ್ಲಿ ಗೊತ್ತಾಯಿತು. ಅವತ್ತು ಒಬ್ಬರು ಅಳೆದಿದ್ದರೆ ಕ್ಲೋರಿನ್ ಉಳಿದೇ ಇಲ್ಲ ಅನ್ನುವುದು ಗೊತ್ತಾಗುತ್ತಿತ್ತು.

ಹಾಗಾಗಿ ನಿಮ್ಮ ರಿಪೋರ್ಟ್‌ನ "ಕೋಲಿಫಾರ್ಮ್ ಇಲ್ಲ" ಅನ್ನುವುದು ಆ ಒಂದು ದಿನದ ಮಾತು. ಮೊದಲ ದೊಡ್ಡ ಮಳೆ ಆದ ಎರಡು ಮೂರು ದಿನದೊಳಗೆ ಮತ್ತೆ ನೋಡಿಸಿ. ಆ ಸ್ಯಾಂಪಲ್ ವರ್ಷದ ಬೇರೆ ಹತ್ತು ಸ್ಯಾಂಪಲ್‌ಗಿಂತ ಹೆಚ್ಚು ಬೆಲೆಯುಳ್ಳದ್ದು.

ಹೊಸ_ನಲ್ಲಿ:

ತುಂಬಾ ತುಂಬಾ ಧನ್ಯವಾದ. ಎಲ್ಲವನ್ನೂ ಪ್ರಿಂಟ್ ಹಾಕಿ ಸಮಿತಿಯಲ್ಲಿ ಓದಿದೆ. ಫೇಲ್ ಆದ ಬೋರ್‌ಗೆ ನಾಳೆ ಜೇಡಿಮಣ್ಣು ಬರುತ್ತದೆ. ಸತ್ಯ ಹೇಳಬೇಕೆಂದರೆ ಅದರ ಮೇಲೆ ಒಂದು ಗೋಣಿಚೀಲ ಇತ್ತು ಅಷ್ಟೇ, ಈಗ ನೆನೆಸಿಕೊಂಡರೆ ಮೈ ನಡುಗುತ್ತದೆ.

ಎರಡು ಪ್ರಶ್ನೆ. ಕ್ಲೋರಿನ್ ಎಷ್ಟು ಹಾಕಬೇಕು, ಅಳೆಯುವುದು ನಮ್ಮಂಥವರಿಗೆ ಸಾಧ್ಯವಾ? ನೀರು ವಾಸನೆ ಬರುತ್ತದೆ ಅಂತ ಜನ ಗಲಾಟೆ ಮಾಡುತ್ತಾರೆ. ಇನ್ನೊಂದು, ಬೋರ್ ಒಳಗೆ ಮೋಟಾರ್ ಇಳಿಸಿದ ಮೇಲೆ ನೀರಿನ ಮಟ್ಟ ನೋಡುವುದು ಹೇಗೆ?

ಬಂಡೆ_ಬಿರುಕು:

ಮಟ್ಟದ್ದು ನಾನು ಹೇಳುತ್ತೇನೆ. ಮೋಟಾರ್ ಇಳಿಸುವ ದಿನವೇ ಅದರ ಪೈಪ್ ಜೊತೆಗೆ ಮುಕ್ಕಾಲು ಅಥವಾ ಒಂದು ಇಂಚಿನ ಇನ್ನೊಂದು ಪ್ಲಾಸ್ಟಿಕ್ ಪೈಪ್ ಕಟ್ಟಿ ಇಳಿಸಿ, ಪಂಪ್‌ಗಿಂತ ಸ್ವಲ್ಪ ಮೇಲಿನವರೆಗೆ. ಅದರ ತುದಿಯಲ್ಲಿ ತೂತು ಇರಲಿ, ಮೇಲೆ ಮುಚ್ಚಳ ಇರಲಿ. ಅದರೊಳಗೆ ಮಟ್ಟ ಅಳೆಯುವ ಟೇಪ್ ಬಿಟ್ಟರೆ ನೀರು ತಾಗಿದ ಕೂಡಲೇ ಬೀಪ್ ಅನ್ನುತ್ತದೆ. ಈ ಪೈಪ್ ಇಲ್ಲದಿದ್ದರೆ ಟೇಪ್ ಮೋಟಾರ್ ಕೇಬಲ್‌ಗೆ ಸುತ್ತಿಕೊಳ್ಳುತ್ತದೆ, ಆಮೇಲೆ ಅಳೆಯುವುದನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ. ಅಷ್ಟು ಸಣ್ಣ ಪೈಪ್ ಹಾಕಿಸದೇ ಇದ್ದದ್ದರಿಂದ ಕುರುಡಾಗಿ ಓಡುತ್ತಿರುವ ಬೋರ್‌ಗಳು ಎಷ್ಟೋ.

ವಾರಕ್ಕೊಮ್ಮೆ, ಬೆಳಗ್ಗೆ ಮೋಟಾರ್ ಹಾಕುವ ಮುಂಚೆ ಒಂದು ಸಲ, ನಿಲ್ಲಿಸುವ ಮುಂಚೆ ಒಂದು ಸಲ ಅಳೆದು ಬರೆಯಿರಿ. ನೀರಿನ ಮೀಟರ್ ಅಂಕಿ, ಎಷ್ಟು ಗಂಟೆ ಓಡಿತು, ಇವೂ ಅದರ ಪಕ್ಕದಲ್ಲೇ ಇರಲಿ. ಬೆಳಗಿನ ಮಟ್ಟ ವರ್ಷದಿಂದ ವರ್ಷಕ್ಕೆ ಅದೇ ತಿಂಗಳಲ್ಲಿ ಕೆಳಗೆ ಹೋಗುತ್ತಿದ್ದರೆ ಸುತ್ತಲ ಅಂತರ್ಜಲವೇ ಇಳಿಯುತ್ತಿದೆ. ಬೆಳಗಿನ ಮಟ್ಟ ಹಾಗೇ ಇದ್ದು, ಅಷ್ಟೇ ನೀರು ತೆಗೆದರೂ ಪಂಪ್ ಓಡುವಾಗಿನ ಮಟ್ಟ ಮಾತ್ರ ಕೆಳಗೆ ಹೋಗುತ್ತಿದ್ದರೆ ಬಿರುಕುಗಳು ಕಟ್ಟಿಕೊಳ್ಳುತ್ತಿವೆ, ಬೋರ್ ತೊಳೆಸಬೇಕು. ಎರಡಕ್ಕೂ ಮದ್ದು ಬೇರೆ ಬೇರೆ. ಈ ವ್ಯತ್ಯಾಸ ಗೊತ್ತಾಗದೇ ಜನ ನೇರವಾಗಿ ಇನ್ನೊಂದು ಬೋರ್ ಕೊರೆಸುತ್ತಾರೆ.

ಕಡಲ_ದಂಡೆ:

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ಸಮುದ್ರದ ಹತ್ತಿರ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮಗೆ ಬೆಳಗಿನ ಮಟ್ಟ ಇನ್ನೂ ಮುಖ್ಯ. ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರ ಮಟ್ಟಕ್ಕಿಂತ ಸಿಹಿನೀರು ಒಂದು ಮೀಟರ್ ಮೇಲಿದ್ದರೆ ಕೆಳಗೆ ಸುಮಾರು 40 ಮೀಟರ್ ಸಿಹಿನೀರು ಇರುತ್ತದೆ ಅನ್ನುವುದು ಹಳೆಯ ಲೆಕ್ಕ. ತಿರುಗಿಸಿ ನೋಡಿ, ಪಂಪ್ ಮಾಡಿ ಅರ್ಧ ಮೀಟರ್ ಇಳಿಸಿದರೆ ಕೆಳಗಿನಿಂದ ಉಪ್ಪುನೀರು 20 ಮೀಟರ್ ಮೇಲೆ ಬರಲು ದಾರಿಯಾಯಿತು. ನಮ್ಮಂಥ ಕಡೆ ಆ ಟಿ.ಡಿ.ಎಸ್. ಮೀಟರ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ, ಅಂಕಿ ಏರಲು ಶುರುವಾದ ವಾರವೇ ಪಂಪಿಂಗ್ ಕಡಿಮೆ ಮಾಡಬೇಕು.

ಮಳೆ_ನಂತರ:

ಕ್ಲೋರಿನ್ ಅಳೆಯುವುದು ಖಂಡಿತ ಸಾಧ್ಯ. ಸಣ್ಣ ಗಾಜಿನ ಕೊಳವೆಯಲ್ಲಿ ನಲ್ಲಿ ನೀರು ಹಿಡಿದು ಡಿ.ಪಿ.ಡಿ. ಮಾತ್ರೆ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ, ಪಕ್ಕದ ಬಣ್ಣದ ಪಟ್ಟಿಗೆ ಹೋಲಿಸುವುದು, ಅಷ್ಟೇ. ಎರಡು ನಿಮಿಷದ ಕೆಲಸ. ಟ್ಯಾಂಕ್‌ಗೆ ಹಾಕಿ ಅರ್ಧ ಗಂಟೆ ಆದ ಮೇಲೆ ಲೀಟರಿಗೆ 0.5 ಮಿಲಿಗ್ರಾಂ, ಪೈಪ್ ಲೈನಿನ ಕಟ್ಟಕಡೆಯ ನಲ್ಲಿಯಲ್ಲಿ ಕನಿಷ್ಠ 0.2 ಇರಬೇಕು. ಕಡೆಯ ನಲ್ಲಿ ಅನ್ನುವುದನ್ನು ಮರೆಯಬೇಡಿ. ಟ್ಯಾಂಕ್ ಪಕ್ಕದ ಮನೆಯಲ್ಲಿ ಅಳೆದರೆ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ.

ಹಾಕುವ ಪ್ರಮಾಣಕ್ಕೆ ಒಂದು ಉದಾಹರಣೆ. ಟ್ಯಾಂಕ್ 18,000 ಲೀಟರ್ ಇದ್ದು ಲೀಟರಿಗೆ 1 ಮಿಲಿಗ್ರಾಂ ಹಾಕುವುದಾದರೆ 18 ಗ್ರಾಂ ಕ್ಲೋರಿನ್ ಬೇಕು. ಬ್ಲೀಚಿಂಗ್ ಪೌಡರ್‌ನಲ್ಲಿ ಶೇ. 30ರಷ್ಟು ಕ್ಲೋರಿನ್ ಇದ್ದರೆ 60 ಗ್ರಾಂ ಪುಡಿ. ಬಕೆಟ್ ನೀರಿನಲ್ಲಿ ಕದಡಿ, ಗಸಿ ಕೆಳಗೆ ಕೂತ ಮೇಲೆ ತಿಳಿಯನ್ನು ಮಾತ್ರ ಸುರಿಯಿರಿ. ಪುಡಿ ಹಳೆಯದಾದಷ್ಟೂ ಶಕ್ತಿ ಕಳೆದುಕೊಳ್ಳುತ್ತದೆ, ಹಾಗಾಗಿ ಗ್ರಾಂ ಲೆಕ್ಕ ನಂಬಿ ಕೂರಬೇಡಿ, ನಲ್ಲಿಯಲ್ಲಿ ಅಳೆದದ್ದನ್ನು ನೋಡಿ ಹೆಚ್ಚು ಕಡಿಮೆ ಮಾಡಿ. 0.2, 0.3 ಇದ್ದರೆ ಬಹಳ ಜನಕ್ಕೆ ವಾಸನೆ ಅಷ್ಟಾಗಿ ಕಾಣುವುದಿಲ್ಲ. ನೀರು ತುಂಬಿಟ್ಟು ಸ್ವಲ್ಪ ಹೊತ್ತು ಬಿಟ್ಟರೆ ಇನ್ನೂ ಕಡಿಮೆಯಾಗುತ್ತದೆ. ಗಲಾಟೆ ಮಾಡುವವರನ್ನೇ ಕರೆದು ಅವರ ಕೈಯಲ್ಲೇ ಮಾತ್ರೆ ಹಾಕಿಸಿ. ನಮ್ಮಲ್ಲಿ ಹಾಗೆ ಮಾಡಿದ ಮೇಲೆ ಒಬ್ಬ ಅಜ್ಜಿ ದಿನಾ ಬಣ್ಣ ಬಂತಾ ಅಂತ ಕೇಳಲು ಶುರು ಮಾಡಿದರು.

ಬೋರ್ ಬಳಸಲು ಶುರು ಮಾಡುವ ಮುಂಚೆ ಬೋರ್ ಒಳಗೂ ಒಂದು ಸಲ ಕ್ಲೋರಿನ್ ಹಾಕಿ ಇಡೀ ರಾತ್ರಿ ಬಿಡಬೇಕು. ಲೀಟರಿಗೆ 50 ಮಿಲಿಗ್ರಾಂ ಲೆಕ್ಕದಲ್ಲಿ ನಿಮ್ಮ 1,600 ಲೀಟರ್‌ಗೆ ಅದೇ ಪುಡಿ ಸುಮಾರು 270 ಗ್ರಾಂ. ಬೆಳಗ್ಗೆ ವಾಸನೆ ಹೋಗುವವರೆಗೂ ಪಂಪ್ ಮಾಡಿ ಹೊರಗೆ ಚೆಲ್ಲಿ. ಆದರೆ ಲ್ಯಾಬ್ ಸ್ಯಾಂಪಲ್‌ಗಳನ್ನೆಲ್ಲ ಇದಕ್ಕೆ ಮುಂಚೆಯೇ ತೆಗೆದುಕೊಳ್ಳಿ.

ಹೊಸ_ನಲ್ಲಿ:

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಟೆಸ್ಟ್ ಮುಗಿಯಿತು. ಪಂಪ್ ಹಾಕುವ ಮುಂಚೆ ಮಟ್ಟ 14 ಮೀಟರ್ ಇತ್ತು. ಸೆಕೆಂಡಿಗೆ 0.8 ಲೀಟರ್ ಎಳೆದಾಗ 5 ಮೀಟರ್ ಇಳಿಯಿತು, 1.25ಕ್ಕೆ 9, 1.8ಕ್ಕೆ 17. ಕೊನೆಗೆ ಆ "ಮೂರು ಇಂಚು", ಅಂದರೆ 2.2 ಲೀಟರ್ ಎಳೆದಾಗ 31 ಮೀಟರ್ ಇಳಿದು, ಮಟ್ಟ ಬಿರುಕಿನ ಕೆಳಗೆ ಹೋಗಿ ನಿಲ್ಲಲೇ ಇಲ್ಲ, ಕೂಡಲೇ ನಿಲ್ಲಿಸಿದೆವು. ಊರಿನವರ ಮಾತು ಕೇಳಿ ದೊಡ್ಡ ಮೋಟಾರ್ ತಂದಿದ್ದರೆ ಏನಾಗುತ್ತಿತ್ತು ಅಂತ ಕಣ್ಣಾರೆ ನೋಡಿದೆವು. ಆಮೇಲೆ 1.25ರಲ್ಲಿ 48 ಗಂಟೆ ಓಡಿಸಿದೆವು, ಮಟ್ಟ 26 ಮೀಟರ್‌ನಲ್ಲಿ ನಿಂತಿತು. ನಿಲ್ಲಿಸಿದ 12 ಗಂಟೆಗೆ 14.5ಕ್ಕೆ ವಾಪಸ್ ಬಂತು. ರಾತ್ರಿಯೆಲ್ಲ ಟಾರ್ಚ್ ಹಿಡಿದು ಅಳೆದದ್ದು ಊರಿನ ಹುಡುಗರು, ಒಂದು ಅಂಕಿಯೂ ತಪ್ಪಿಸಿಲ್ಲ.

ಆರ್ಸೆನಿಕ್, ಯುರೇನಿಯಂ ಎರಡೂ ಮಿತಿಗಿಂತ ಬಹಳ ಕೆಳಗಿವೆ. ಆದರೆ ಫ್ಲೋರೈಡ್ ಒಂದನೇ ಗಂಟೆಯಲ್ಲಿ 1.3, 24ನೇ ಗಂಟೆಯಲ್ಲಿ 1.5, 48ನೇ ಗಂಟೆಯಲ್ಲಿ 1.6. ಹಳೇ ಬಾವಿಯಲ್ಲಿ 0.4, ಆದರೆ ಅದರಲ್ಲಿ ಮಲದಿಂದ ಬರುವ ಇ. ಕೋಲಿ ಬ್ಯಾಕ್ಟೀರಿಯಾ ಬಂದಿದೆ. ಈಗ ಏನು ಮಾಡುವುದು? ಬೋರ್ ಬಿಟ್ಟುಬಿಡಬೇಕಾ?

ಬಾಟಲಿ_ಲೇಬಲ್:

ಬಿಡಬೇಡಿ, ಖಂಡಿತ ಬಿಡಬೇಡಿ. ಎಳೆದಂತೆಲ್ಲ ದೂರದ, ಆಳದ ಬಿರುಕಿನ ನೀರು ಬರಲು ಶುರುವಾಗಿದೆ, ಅದಕ್ಕೇ ಫ್ಲೋರೈಡ್ ಏರಿದೆ. ಒಂದೇ ಸ್ಯಾಂಪಲ್ ಹಿಡಿದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಫ್ಲೋರೈಡ್ ತೆಗೆಯುವ ಯಂತ್ರಕ್ಕೆ ಈಗಲೇ ಹೋಗಬೇಡಿ ಅಂತ ನನ್ನ ಸಲಹೆ. ಪಟಿಕ ಮತ್ತು ಸುಣ್ಣ ಹಾಕುವ ವಿಧಾನ ಇದೆ, ಅಲ್ಯುಮಿನಾ ಫಿಲ್ಟರ್ ಇದೆ, ಆರ್.ಒ. ಇದೆ. ಎಲ್ಲವೂ ಕೆಲಸ ಮಾಡುತ್ತವೆ, ಆದರೆ ದಿನಾ ನೋಡಿಕೊಳ್ಳುವವರು ಬೇಕು, ಉಳಿದ ಗಸಿ ಅಥವಾ ಉಪ್ಪುನೀರು ಎಲ್ಲಿಗೆ ಹಾಕುವುದು ಅನ್ನುವ ಚಿಂತೆ ಬೇರೆ.

ನಿಮ್ಮ ಹತ್ತಿರ ಅದಕ್ಕಿಂತ ಸುಲಭದ್ದು ಇದೆ. ಬಾವಿ ತುಂಬಿರುವ ತಿಂಗಳುಗಳಲ್ಲಿ ಎರಡು ಭಾಗ ಬೋರ್ ನೀರಿಗೆ ಒಂದು ಭಾಗ ಬಾವಿ ನೀರು ಟ್ಯಾಂಕಿನಲ್ಲಿ ಬೆರೆಸಿದರೆ ಫ್ಲೋರೈಡ್ 1.2 ಆಗುತ್ತದೆ, ಅರ್ಧ ಅರ್ಧ ಬೆರೆಸಿದರೆ 1.0. ಬೇಸಿಗೆಯಲ್ಲಿ ಬಾವಿ ಐದು ಸಾವಿರ ಲೀಟರ್ ಮಾತ್ರ ಕೊಡುತ್ತದೆ ಅಂದಿರಿ. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 7 ಲೀಟರ್ ಸಾಕು, 600 ಜನಕ್ಕೆ 4,200. ಅಷ್ಟನ್ನು ಬಾವಿಯೊಂದೇ ಕೊಡುತ್ತದೆ! ಆ ತಿಂಗಳುಗಳಲ್ಲಿ ಬಾವಿ ನೀರಿಗೆ ಬೇರೆ ಸಣ್ಣ ಟ್ಯಾಂಕ್, ಬೇರೆ ನಲ್ಲಿಗಳು. ಬೋರ್ ನೀರು ಸ್ನಾನ, ಬಟ್ಟೆ, ಪಾತ್ರೆಗೆ. ಬಾವಿಗೆ ಕಟ್ಟೆ ಎತ್ತರಿಸಿ, ಮೇಲೆ ಮುಚ್ಚಿಸಿ, ಹಗ್ಗ ಬಕೆಟ್ ಬಿಡುವುದನ್ನು ನಿಲ್ಲಿಸಿ ಸಣ್ಣ ಪಂಪ್ ಹಾಕಿ. ಕ್ಲೋರಿನ್ ಅದಕ್ಕೆ ಬೇಕೇ ಬೇಕು, ಅದರಲ್ಲಿ ರಾಜಿ ಇಲ್ಲ. ಮೋಡ ಕಟ್ಟಿದ ಹಾಗೆ ನೀರು ಕದಡಿದ್ದರೆ ಕ್ಲೋರಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಅಂಥ ದಿನ ಮೊದಲು ಮರಳಿನ ಫಿಲ್ಟರ್‌ನಲ್ಲಿ ಸೋಸಿ.

ಬೋರ್‌ನ ಫ್ಲೋರೈಡನ್ನು ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ನೋಡಿಸಿ. ಏರುತ್ತಾ ಹೋದರೆ ಬೆರೆಸುವ ಪ್ರಮಾಣ ಬದಲಾಯಿಸಬೇಕಾಗುತ್ತದೆ. ಬ್ಯಾಕ್ಟೀರಿಯಾ ತಿಂಗಳಿಗೊಮ್ಮೆ, ಎರಡೂ ಟ್ಯಾಂಕ್‌ಗಳ ಕಡೆಯ ನಲ್ಲಿಯಿಂದ.

ಹೊಸ_ನಲ್ಲಿ:

4,200 ಲೀಟರ್ ಲೆಕ್ಕ ನಮಗೆ ಯಾರಿಗೂ ಹೊಳೆದಿರಲಿಲ್ಲ. ನಿನ್ನೆ ಸಭೆಯಲ್ಲಿ ಒಪ್ಪಿಗೆಯೂ ಆಯಿತು, ಬಾವಿ ಮುಚ್ಚೋಣ ಅಂದವರೇ ಕಟ್ಟೆ ಎತ್ತರಿಸುವ ಕೆಲಸಕ್ಕೆ ಬರುತ್ತೇವೆ ಅಂದರು. ಮೋಟಾರ್ ಶುಕ್ರವಾರ ಇಳಿಯುತ್ತದೆ, ಜೊತೆಗೆ ಒಂದು ಇಂಚಿನ ಪೈಪ್ ಕೂಡ. ನೋಟ್‌ಬುಕ್ ತಂದಿದ್ದೇನೆ. ಟಾರ್ಚ್ ಹಿಡಿದಿದ್ದ ಹುಡುಗರಲ್ಲಿ ಇಬ್ಬರು ಕ್ಲೋರಿನ್ ಅಳೆಯುವ ಕೆಲಸ ತಾವೇ ವಹಿಸಿಕೊಂಡಿದ್ದಾರೆ. ಒಂದು ಕೇಳುವುದಿತ್ತು, ಮಳೆಯ ನಂತರದ ಸ್ಯಾಂಪಲ್ ಬೋರ್‌ನಿಂದ ಹಿಡಿಯಬೇಕಾ ಅಥವಾ ನಲ್ಲಿಯಿಂದಲಾ?

ಮಳೆ_ನಂತರ:

ಎರಡೂ ಕಡೆಯಿಂದ. ಬೋರ್ ಬಾಯಲ್ಲಿ, ಕ್ಲೋರಿನ್ ಸೇರುವ ಮುಂಚೆ ಒಂದು, ಬಾವಿಯಿಂದ ಒಂದು, ಕಡೆಯ ನಲ್ಲಿಯಿಂದ ಒಂದು. ನಲ್ಲಿ ನೀರಿನ ಬಾಟಲಿ ಕ್ಲೋರಿನ್ ತಣಿಸುವ ಪುಡಿ ಹಾಕಿದ್ದೇ ಕೊಡಿ ಅಂತ ಲ್ಯಾಬ್‌ನಲ್ಲಿ ಮೊದಲೇ ಹೇಳಿ, ಇಲ್ಲದಿದ್ದರೆ ದಾರಿಯುದ್ದಕ್ಕೂ ಬಾಟಲಿಯೊಳಗೆ ಕ್ಲೋರಿನ್ ಕೆಲಸ ಮಾಡುತ್ತಲೇ ಇದ್ದು ರಿಪೋರ್ಟ್ ಸುಳ್ಳು ಬರುತ್ತದೆ. ಬಾಟಲಿಗಳನ್ನು ಈಗಲೇ ತಂದಿಟ್ಟುಕೊಳ್ಳಿ, ಮಳೆ ಬಂದ ದಿನ ಹುಡುಕುತ್ತಾ ಹೋಗುವ ಹಾಗಾಗಬಾರದು.